ಪಡಿಯಚ್ಚು ತೋರಿಸು ಎಂದು ಯಾರೂ ಕೇಳಲಿಲ್ಲ: ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಎಲ್ಲ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ,

ನಮಸ್ಕಾರಗಳು.

ನಾನು ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಹೆಸರಿನ ಹಿಂದೆ 'ಡಾ.' ಅಂತ ಇದೆ. ಅದು ಬಂದದ್ದು ವೀರಗಲ್ಲುಗಳ ಮೇಲೆ ಬರೆದ ಪ್ರಬಂಧಕ್ಕೆ. ಆ ಪ್ರಬಂಧದಲ್ಲಿ ಆರು ಅಧ್ಯಾಯಗಳಿವೆ. ನಾನು ಬರೆದದ್ದು ಏಳು. ಏಳನೆಯದನ್ನು ಯಾರೂ ಕಿತ್ತುಕೊಳ್ಳಲಿಲ್ಲ, ನಾನೇ ತೆಗೆದೆ. ನಲವತ್ತೆರಡು ಪುಟ. ಇಷ್ಟು ವರ್ಷ ಇದನ್ನು ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಈಗ ನಿಮಗೆ ಹೇಳಬೇಕಾಗಿದೆ.

ಯಾವ ವಿಶ್ವವಿದ್ಯಾಲಯ, ಯಾವ ಊರು, ಮಾರ್ಗದರ್ಶಕರು ಯಾರು ಎಂದು ಬರೆಯುವುದಿಲ್ಲ. ಒಬ್ಬರ ಮೇಲೆ ದೂರು ಹೇಳಿ ಸಮಾಧಾನ ಪಟ್ಟುಕೊಳ್ಳುವುದು ನನಗೆ ಬೇಕಿಲ್ಲ. ನನಗಾದದ್ದು ನಿಮ್ಮಲ್ಲಿ ಯಾರ ಕಡೆಯಾದರೂ ಆಗಬಹುದಿತ್ತು. ಆಗುತ್ತಲೂ ಇದೆ. ಅದಕ್ಕೇ ಎಲ್ಲರಿಗೂ ಬರೆಯುತ್ತಿದ್ದೇನೆ.

ಹಾವೇರಿ, ಶಿವಮೊಗ್ಗ ಕಡೆ ಓಡಾಡಿದವರಿಗೆ ಗೊತ್ತು, ಅಲ್ಲಿ ಹಳ್ಳಿ ಹಳ್ಳಿಗೂ ವೀರಗಲ್ಲು ಸಿಗುತ್ತವೆ. ಕೆರೆ ಏರಿಯ ಮೇಲೆ, ಹನುಮಪ್ಪನ ಗುಡಿಯ ಹಿಂದೆ, ಹೊಲದ ಬದುವಿನಲ್ಲಿ. ಕೆಲವನ್ನು ಬಟ್ಟೆ ಒಗೆಯಲು ಹಾಕಿಕೊಂಡಿರುತ್ತಾರೆ. ಕೆಲವಕ್ಕೆ ದಿನಾ ಎಣ್ಣೆ, ಕುಂಕುಮ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದುಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರ. ಇವರಲ್ಲಿ ಬಹಳ ಜನ ಸತ್ತದ್ದು ದೊಡ್ಡ ರಾಜರ ದೊಡ್ಡ ಯುದ್ಧಗಳಲ್ಲಿ ಅಲ್ಲ. ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವರು. ತುರುಗೋಳು ಅನ್ನುತ್ತಾರೆ ಅದನ್ನು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ನಾಯಿಗೂ ಕಲ್ಲು ನಿಲ್ಲಿಸಿದ್ದರು. 949-50ರ ಕಲ್ಲು ಅದು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಯುದ್ಧದಲ್ಲಿ ಗೆದ್ದು ಕೊಟ್ಟ ಮಣಲೆರ ಎಂಬ ವೀರನಿಗೆ ಅರಸ 'ಮೆಚ್ಚಿದೆ, ಏನು ಬೇಕೋ ಕೇಳು' ಎಂದರೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು. ನಾನು ವೀರಗಲ್ಲಿನ ಕೆಲಸಕ್ಕೆ ಬಿದ್ದದ್ದು ಎಂ.ಎ. ಓದುವಾಗ ಈ ಕಾಳಿಯ ಕಥೆ ಕೇಳಿ. ದೊಡ್ಡವರು, ಸಣ್ಣವರು ಎಂದು ನೋಡದೆ, ಸತ್ತವರು ಯಾರು ಎಂದು ಇದ್ದದ್ದು ಇದ್ದ ಹಾಗೆ ಬರೆದಿಟ್ಟ ಜನ ಅವರು. ಅದು ನನಗೆ ಬಹಳ ಹಿಡಿಸಿತು.

ಈ ಕೆಲಸ ಹೇಗಿರುತ್ತದೆ ಎಂದು ಸ್ವಲ್ಪ ಹೇಳಬೇಕು. ನಿಮ್ಮಲ್ಲಿ ಹೆಚ್ಚಿನವರು ಬೇರೆ ಬೇರೆ ವಿಷಯದವರು, ನೋಡಿರಲಿಕ್ಕಿಲ್ಲ. ಮೊದಲು ಕಲ್ಲನ್ನು ನೀರು ಹಾಕಿ, ತೆಂಗಿನ ನಾರಿನ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಬೇಕು. ಪಾಚಿ, ಮಣ್ಣು, ಎಣ್ಣೆಯ ಜಿಡ್ಡು ಹೋಗಬೇಕು, ಅಕ್ಷರ ಹೋಗಬಾರದು. ಎಣ್ಣೆ ಕುಡಿದ ಕಲ್ಲಾದರೆ ಅರ್ಧ ದಿನ ಇದಕ್ಕೇ. ಆಮೇಲೆ ನೆನೆಸಿದ ಕಾಗದವನ್ನು ಕಲ್ಲಿಗೆ ಹೊದಿಸಿ ಬ್ರಷ್ಷಿನಿಂದ ತಟ್ಟಬೇಕು. ಒಳಗೆ ಗಾಳಿ ನಿಲ್ಲಬಾರದು, ಕಾಗದ ಅಕ್ಷರದ ಗುಳಿಯೊಳಗೆ ಇಳಿಯಬೇಕು. ಅದು ಅರೆಬರೆ ಒಣಗಿದಾಗ ಬಟ್ಟೆಯ ಗಂಟಿನಿಂದ ಮಸಿ ಒತ್ತಬೇಕು. ಹಸಿ ಜಾಸ್ತಿ ಇದ್ದರೆ ಮಸಿ ಹರಡುತ್ತದೆ. ಪೂರ್ತಿ ಒಣಗಿದರೆ ಕಾಗದ ಕಲ್ಲು ಬಿಟ್ಟು ಎದ್ದುಬಿಡುತ್ತದೆ. ಗಾಳಿ ಬೀಸಿದರೆ ಎಲ್ಲ ಮೊದಲಿನಿಂದ. ಸರಿಯಾಗಿ ಬಂದರೆ ಕಲ್ಲಿನ ಮೈ ಕಪ್ಪು, ಅಕ್ಷರ ಬಿಳಿ. ಅದೇ ಪಡಿಯಚ್ಚು. ಕಲ್ಲಿನ ಮುಂದೆ ಕೂತು ಕಾಣದ ಅಕ್ಷರ ಎಷ್ಟೋ ಸಲ ಪಡಿಯಚ್ಚಿನಲ್ಲಿ ಕಾಣುತ್ತದೆ.

ನನ್ನ ಏಳನೇ ಅಧ್ಯಾಯ ಇದ್ದದ್ದು ಇಂಥ ಒಂದು ಕಲ್ಲಿನ ಮೇಲೆ. ಆ ಕಲ್ಲಿಗೆ ಊರಿನಲ್ಲಿ ಪೂಜೆ ಇತ್ತು. ಅಲ್ಲಿನ ದೊಡ್ಡ ಮನೆತನವೊಂದು ಅದರಲ್ಲಿರುವ ವೀರ ತಮ್ಮ ಮೂಲಪುರುಷ ಎಂದು ನಂಬಿತ್ತು. ನಂಬಿಕೆಗೆ ಆಧಾರವೂ ಇತ್ತು. ಶಾಸನದ ಪಾಠ ಬಹಳ ಹಿಂದೆಯೇ ಅಚ್ಚಾಗಿತ್ತು. ಅದರಲ್ಲಿ ಎರಡನೇ ಸಾಲು 'ಗಾವುಂಡ', ಅಂದರೆ ಊರ ಗೌಡ, ಎಂದು ಮುಗಿಯುತ್ತದೆ. ಮೂರನೇ ಸಾಲಿನ ಜಾಗದಲ್ಲಿ ಬರೀ ಚುಕ್ಕೆಗಳು. ಆ ಸಾಲು ಕಲ್ಲಿನ ಕೆಳಗಿನ ಅಂಚಿನಲ್ಲಿದೆ, ಅರ್ಧ ಮಣ್ಣಿನಲ್ಲಿ ಹೂತಿತ್ತು, ಉಳಿದರ್ಧಕ್ಕೆ ಎಣ್ಣೆ ಹತ್ತಿ ಕರಕಲಾಗಿತ್ತು. ಹಿಂದಿನವರು ಓದಲಿಲ್ಲ ಎಂದರೆ ಅವರ ತಪ್ಪೇನಲ್ಲ. ಹೀಗೆ ಗಾವುಂಡ ಎಂಬ ಮಾತಿನ ಮೇಲೆ ಒಂದು ಮನೆತನದ ಹೆಮ್ಮೆ ನಿಂತಿತ್ತು.

ಊರವರ ಒಪ್ಪಿಗೆ ಕೇಳಿಯೇ ಕೆಲಸ ಶುರು ಮಾಡಿದೆ. ಆ ಮನೆತನದ ಹಿರಿಯರೇ ನೀರು ತರಿಸಿಕೊಟ್ಟರು, ಮಧ್ಯಾಹ್ನ ರೊಟ್ಟಿ ಊಟ ಹಾಕಿದರು. ಅದನ್ನೂ ಹೇಳಬೇಕು. ಪಕ್ಕದ ಓಣಿಯ ಒಬ್ಬ ಅಜ್ಜಿ ಬಂದು, "ಏನವ್ವಾ, ಕಲ್ಲಿಗೆ ಜಳಕಾ ಮಾಡಸಾಕ ಹತ್ತೀಯೇನು?" ಅಂತ ಕೇಳಿದಳು. ಬಿಸಿಲು ಏರಿದಾಗ ಕಾಗದ ಬೇಗ ಒಣಗದ ಹಾಗೆ ಎರಡು ತಾಸು ಛತ್ರಿ ಹಿಡಿದು ನಿಂತಳು. ಮಣ್ಣು ತೆಗೆದು, ಜಿಡ್ಡು ಬಿಡಿಸಿ, ಮೂರನೇ ಸಾಲು ಸೇರಿಸಿ ಪಡಿಯಚ್ಚು ತೆಗೆದೆ.

ಮೂರನೇ ಸಾಲಿನ ಮೊದಲ ಅಕ್ಷರ 'ನ'.

ಶಾಸನ ಓದಿದವರಿಗೆ ಗೊತ್ತು. ಕಲ್ಲು ಕಡೆಯುವವನಿಗೆ ಜಾಗ ಮುಗಿದರೆ ಪದವನ್ನು ಅಲ್ಲೇ ಮುರಿದು ಮುಂದಿನ ಸಾಲಿಗೆ ಹೋಗುತ್ತಾನೆ. ಎರಡು ಸಾಲು ಸೇರಿಸಿ ಓದಿದರೆ 'ಗಾವುಂಡನ ತುಱುಕಾಱಂ' ಎಂದಾಗುತ್ತದೆ. ಗಾವುಂಡನ ದನ ಕಾಯುವವನು. ಮುಂದೆ ಅವನ ಹೆಸರು, ದನ ಬಿಡಿಸಿ ತಂದು ಸತ್ತ ಸಂಗತಿ. ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೆ ಊರು ಗೊತ್ತಾಗುತ್ತದೆ. ಒಂದು 'ನ'ಕಾರದಿಂದ ಕಲ್ಲಿನೊಳಗಿದ್ದ ಒಡೆಯ ಹೋಗಿ ಆಳು ಬಂದ.

ನಾನು ಸುಮ್ನೆ ನಂಬಲಿಲ್ಲ. ಹಳಗನ್ನಡ ಲಿಪಿಯಲ್ಲಿ ಅಂಚು ಸವೆದರೆ ಒಂದು ಅಕ್ಷರ ಇನ್ನೊಂದರ ಹಾಗೆ ಕಾಣುವುದು ಹೊಸದಲ್ಲ. ಎರಡನೇ ಸಲ ಹೋಗಿ ಇನ್ನೊಂದು ಪಡಿಯಚ್ಚು ತೆಗೆದೆ. ಸಂಜೆ ಬಿಸಿಲು ಅಡ್ಡ ಬೀಳುವಾಗ ಕಲ್ಲಿನ ಮುಂದೆ ಕೂತೆ. ರಾತ್ರಿ ಪಕ್ಕದಿಂದ ಬ್ಯಾಟರಿ ಬಿಟ್ಟು ನೋಡಿದೆ. ಅದೇ ಕಲ್ಲಿನಲ್ಲಿ ಬೇರೆ ಕಡೆ ಬರುವ 'ನ'ಗಳನ್ನೆಲ್ಲ ಇದರ ಪಕ್ಕ ಇಟ್ಟು ಹೋಲಿಸಿದೆ. ಒಂದು ಅಕ್ಷರಕ್ಕೆ ಮೂರು ತಿಂಗಳು. ಆ ಮೂರು ತಿಂಗಳು ನಾನು ಅತಿಥಿ ಉಪನ್ಯಾಸಕಿ, ಸಂಬಳ ಇನ್ನೂ ಬಂದಿರಲಿಲ್ಲ, ಬಸ್ ಚಾರ್ಜಿಗೆ ಅಮ್ಮನ ಹತ್ತಿರ ಕೈ ಚಾಚುತ್ತಿದ್ದೆ. ಆದರೂ ಜೀವನದಲ್ಲಿ ಅಷ್ಟು ಖುಷಿಯಾಗಿ ಇನ್ಯಾವಾಗಲೂ ಇರಲಿಲ್ಲ.

ಎರಡನೇ ಸಲ ಹೋದಾಗ ಆ ಅಜ್ಜಿಗೆ ಓದಿ ಹೇಳಿದೆ. ಅವಳು ತನ್ನ ಗಂಡನ ಮನೆಯವರು ತಲೆತಲಾಂತರದಿಂದ ಊರಿನ ದನ ಕಾಯುತ್ತಿದ್ದವರು ಎಂದಳು. ಕಲ್ಲಿನ ಹತ್ತಿರ ಹೋಗಿ, ಮೇಲಿನ ಪಟ್ಟಿಕೆಯಲ್ಲಿ ಲಿಂಗದ ಮುಂದೆ ಕೂತ ವೀರನ ಮೇಲೆ ಕೈ ಇಟ್ಟು, "ಹಂಗಾದ್ರ ಇಂವ ನಮ್ಮಾಂವ ಆದ್ನಲ್ಲವ್ವಾ" ಅಂದಳು. ರಕ್ತಸಂಬಂಧ ಹೇಳಲು ಶಾಸನದಲ್ಲಿ ಏನೂ ಇಲ್ಲ ಅಜ್ಜಿ ಎಂದು ನಾನು ಹೇಳಬೇಕಿತ್ತು. ಅಧ್ಯಾಯದಲ್ಲಿ ಹಾಗೇ ಬರೆದೆ ಕೂಡ. ಆದರೆ ಆ ಹೊತ್ತಿಗೆ ನನಗೆ ಬಾಯಿ ಬರಲಿಲ್ಲ.

ಅಜ್ಜಿ ಹೇಳಿದ್ದು ಊರಿಗೆಲ್ಲ ಹಬ್ಬಿತು. ಎರಡು ವಾರದಲ್ಲಿ ವಿಶ್ವವಿದ್ಯಾಲಯಕ್ಕೆ ದೂರು ಹೋಯಿತು. ಮನೆತನಕ್ಕೆ ಅವಮಾನ, ಊರಿನ ಶಾಂತಿಗೆ ಭಂಗ, ಸಂಶೋಧನೆ ಹೆಸರಿನಲ್ಲಿ ದೇವರ ಕಲ್ಲು ಕೆಡಿಸಿದ್ದಾರೆ, ಹೀಗೆ. ನನ್ನ ಮೊಬೈಲಿಗೆ ರಾತ್ರಿ ಹೊತ್ತು ಫೋನ್ ಬರಲು ಶುರುವಾಯಿತು. ಅಮ್ಮ ನಿದ್ದೆ ಬಿಟ್ಟಳು. ಕಚೇರಿಯಿಂದ 'ವಿವರಣೆ ನೀಡಿ' ಎಂಬ ಪತ್ರ ಬಂತು. ಒಂಬತ್ತು ಪುಟದ ವಿವರಣೆ ಬರೆದೆ, ಪಡಿಯಚ್ಚಿನ ಫೋಟೊ ಲಗತ್ತಿಸಿದೆ. ಅದಕ್ಕೆ ಉತ್ತರ ಬರಲಿಲ್ಲ. ಕೊನೆಗೆ ಮಾರ್ಗದರ್ಶಕರು ಮನೆಗೆ ಕರೆದರು. "ಸುಮ್ನೆ ಯಾಕಮ್ಮಾ ತಲೆನೋವು? ಆ ಅಧ್ಯಾಯ ತೆಗೆದುಬಿಡು. ಮೊದಲು ಡಿಗ್ರಿ ತಗೋ. ಆಮೇಲೆ ಪುಸ್ತಕ ಮಾಡುವಾಗ ಸೇರಿಸಿಕೋ." ಅವರು ಕೆಟ್ಟವರಲ್ಲ. ನಿವೃತ್ತಿಗೆ ಒಂದೂವರೆ ವರ್ಷ ಇತ್ತು. ಅವರಿಗೂ ಮೇಲಿನಿಂದ ಫೋನ್ ಬಂದಿತ್ತು. ಅವರ ಹಿಂದೆಯೂ ಯಾರೂ ನಿಂತಿರಲಿಲ್ಲ.

ಪ್ರಬಂಧ ಸಲ್ಲಿಸಲು ಅವರ ಸಹಿ ಬೇಕು. ಸಹಿ ಇಲ್ಲದಿದ್ದರೆ ಐದು ವರ್ಷ ನೀರಿನಲ್ಲಿ ಹೋಮ. ನಾನು ಅಧ್ಯಾಯ ತೆಗೆದೆ. ಪುಟಗಳ ಸಂಖ್ಯೆ ಸರಿಮಾಡಿದೆ, ಪರಿವಿಡಿ ಸರಿಮಾಡಿದೆ, ವೀರಗಲ್ಲುಗಳ ಪಟ್ಟಿಯಿಂದ ಆ ಕಲ್ಲಿನ ಹೆಸರು ಅಳಿಸಿದೆ. ವೈವಾದ ದಿನ ಹೂವಿನ ಹಾರ ಹಾಕಿದರು, ಫೋಟೊ ತೆಗೆದರು.

ಮಾನ್ಯರೇ, ದೂರು ಬಂದದ್ದಕ್ಕೆ ನನಗೆ ಬೇಸರ ಇಲ್ಲ. ನನ್ನ ಅಜ್ಜನ ಬಗ್ಗೆ ಯಾರಾದರೂ ಹೀಗೆ ಬರೆದರೆ ನನಗೂ ಸಿಟ್ಟು ಬರುತ್ತಿತ್ತೋ ಏನೋ. ಆದರೆ ದೂರು ಬಂದ ಮೇಲಿನ ಓಡಾಟದಲ್ಲಿ, ಅಷ್ಟು ಪತ್ರ, ಅಷ್ಟು ಫೋನ್, ಅಷ್ಟು ಮೀಟಿಂಗ್ ಆದ ಮೇಲೂ, ಒಬ್ಬರೇ ಒಬ್ಬರು "ಎಲ್ಲಿ, ಆ ಪಡಿಯಚ್ಚು ತೋರಿಸು" ಅನ್ನಲಿಲ್ಲ. ಅದು 'ನ' ಹೌದೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ. ದೂರು ಕೊಟ್ಟವರು ಕೇಳದಿದ್ದರೆ ಸರಿ, ಅದು ಅವರ ಕೆಲಸ ಅಲ್ಲ. ವಿಶ್ವವಿದ್ಯಾಲಯ ಕೇಳಬೇಕಿತ್ತು. ಅದು ಇರುವುದೇ ಅದಕ್ಕೆ, ಅಲ್ವಾ?

ನಿಮ್ಮ ಸಭೆಗಳಲ್ಲಿ, ಸೆಮಿನಾರುಗಳಲ್ಲಿ ವಿದ್ವಾಂಸರ ಧೈರ್ಯದ ಬಗ್ಗೆ ಬಹಳ ಮಾತು ಕೇಳಿದ್ದೇನೆ. ಯಾವಾಗಲೂ ಅದು ಒಬ್ಬ ಮನುಷ್ಯನ ಎದೆಯಲ್ಲಿ ಹುಟ್ಟಿನಿಂದಲೇ ಇರುವ ವಸ್ತು ಎಂಬಂತೆ ಮಾತಾಡುತ್ತೀರಿ. ನನಗೆ ಹಾಗೆ ಕಾಣುವುದಿಲ್ಲ.

ಫ.ಗು. ಹಳಕಟ್ಟಿಯವರನ್ನು ನೋಡಿ. ವಿಜಯಪುರದಲ್ಲಿ ವಕೀಲರಾಗಿದ್ದವರು. ವಕೀಲಿ ಮಾಡಿಕೊಂಡು ಸುಖವಾಗಿ ಇರಬಹುದಿತ್ತು. ಅದನ್ನು ಬದಿಗಿಟ್ಟು ವಚನದ ಓಲೆಗರಿ ಹುಡುಕುತ್ತ ಊರೂರು ತಿರುಗಿದರು. ಜಗಲಿಯ ಮೇಲಿಟ್ಟು ಪೂಜೆ ಮಾಡುವ ಓಲೆಕಟ್ಟನ್ನು ಬಿಚ್ಚಿ ತೋರಿಸಿ ಎಂದು ಒಂದೊಂದು ಮನೆಯಲ್ಲೂ ಬೇಡಿಕೊಳ್ಳುವ ಕೆಲಸ ಅದು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬಂತು. ಸ್ವಂತ ಮುದ್ರಣಾಲಯ ಬೇಕು ಎಂದು ಇದ್ದ ಮನೆ ಮಾರಿದರು. ಹಿತಚಿಂತಕ ಮುದ್ರಣಾಲಯ ಬಂದದ್ದು ಹಾಗೆ. 1926ರಿಂದ ಶಿವಾನುಭವ ಪತ್ರಿಕೆ ನಡೆಸಿದರು. ಇನ್ನೂರಕ್ಕೂ ಹೆಚ್ಚು ವಚನಕಾರರು ಬೆಳಕಿಗೆ ಬಂದರು. ಇವತ್ತು ಹತ್ತನೇ ತರಗತಿಯ ಹುಡುಗಿ ನನ್ನ ಮುಂದೆ ಅಕ್ಕನ ವಚನ ಓದುತ್ತಾಳೆ ಎಂದರೆ ಅದರ ಹಿಂದೆ ಒಂದು ಮಾರಿದ ಮನೆ ಇದೆ. ಅವರು ಹುಟ್ಟಿದ ಜುಲೈ 2ರಂದು ನಾವು ಹಾರ ಹಾಕುತ್ತೇವೆ. ಅವರ ಹಾಗೆ ಆಗಿ ಎಂದು ಮಕ್ಕಳಿಗೆ ಹೇಳಲು ಪ್ರತಿ ವರ್ಷ ನನಗೆ ಅಳುಕು. ಮನೆ ಮಾರದೆಯೂ ಈ ಕೆಲಸ ಆಗಬೇಕು. ಆಗಲಿ ಎಂದೇ ಅಲ್ಲವೇ ಆಮೇಲೆ ನಾವು ಇಷ್ಟೊಂದು ವಿಶ್ವವಿದ್ಯಾಲಯ ಕಟ್ಟಿಕೊಂಡದ್ದು?

ಶಂ.ಬಾ. ಜೋಶಿಯವರೂ ನನ್ನ ಹಾಗೇ ಶಾಲಾ ಮಾಸ್ತರು. ಧಾರವಾಡದಲ್ಲಿ ಪಾಠ ಮಾಡುತ್ತಲೇ ಕನ್ನಡದ ಬೇರು ಹುಡುಕಿಕೊಂಡು ಹೋದರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಅವರ ಎಷ್ಟೋ ತೀರ್ಮಾನಗಳನ್ನು ಒಪ್ಪದವರಿದ್ದಾರೆ. ನನಗೂ ಕೆಲವು ಒಪ್ಪಿಗೆಯಾಗುವುದಿಲ್ಲ. ಆದರೆ ಒಪ್ಪದವರು ಪುಸ್ತಕ ತೆರೆದು, ಪದ ಹಿಡಿದು, ಇದು ಹೀಗಲ್ಲ ಎಂದು ಬರೆದರು.

ಇಂಥ ಜಗಳ ನಮ್ಮಲ್ಲಿ ಹೊಸದಲ್ಲ. ಕವಿರಾಜಮಾರ್ಗವನ್ನು ಕೆ.ಬಿ. ಪಾಠಕರು 1898ರಲ್ಲಿ ಅಚ್ಚು ಹಾಕಿಸಿದರು. ಬರೆದವನು ನೃಪತುಂಗನೋ, ಶ್ರೀವಿಜಯನೋ ಎಂದು ಆಮೇಲೆ ಎಷ್ಟು ವಿದ್ವಾಂಸರು ಎಷ್ಟು ಪುಟ ಬರೆದರು! ಒಬ್ಬ ರಾಜನ ಕೈಯಿಂದ ಗ್ರಂಥ ಕಿತ್ತು ಅವನ ಆಸ್ಥಾನದ ಕವಿಗೆ ಕೊಡುವ ಮಾತು ಅದು. ನೋಡಿದರೆ ನನ್ನ ಕಲ್ಲಿನ ವಿಷಯವೂ ಹೆಚ್ಚು ಕಡಿಮೆ ಅದೇ. ಪದ್ಯ ಹಿಡಿದುಕೊಂಡು ವಾದ ಮಾಡಿದರು. ಪಾಠಾಂತರ ತೋರಿಸಿದರು. ಈಗ ನಮ್ಮ ಪಾಠದಲ್ಲಿ ಶ್ರೀವಿಜಯ ಎಂದೇ ಕಲಿಸುತ್ತೇವೆ. ನೃಪತುಂಗನ ಮರ್ಯಾದೆಗೆ ಏನೂ ಕಡಿಮೆ ಆಗಲಿಲ್ಲ.

ಆದರೆ ಎಂ.ಎಂ. ಕಲಬುರ್ಗಿಯವರ ವಿಷಯದಲ್ಲಿ ಹಾಗೆ ಆಗಲಿಲ್ಲ. ಕವಿರಾಜಮಾರ್ಗದ ಕಾಲದ ಸಾಹಿತ್ಯವನ್ನೇ ಪಿಎಚ್.ಡಿ.ಗೆ ಓದಿದವರು ಅವರು. 'ಮಾರ್ಗ' ಸಂಪುಟದಲ್ಲಿ ಶರಣರ ಕುಟುಂಬದ ಬಗ್ಗೆ ಬರೆದ ಕೆಲವು ಮಾತಿಗೆ ವಿರೋಧ ಎದ್ದಿತು. 1989ರಲ್ಲಿ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಮನೆಯವರ ಜೀವ ಉಳಿಸಲು ಒಪ್ಪಿದೆ, ಆದರೆ ಅವತ್ತು ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂಬ ಅರ್ಥದ ಮಾತನ್ನು ಅವರೇ ಆಡಿದ್ದರು. ನಾನು ಅಧ್ಯಾಯ ತೆಗೆದ ವಾರ ಈ ಮಾತು ಓದಿದೆ. ಅವರೆಲ್ಲಿ, ನಾನೆಲ್ಲಿ. ಆದರೂ ಆ ಮಾತು ಎಲ್ಲಿಂದ ಬಂತು ಎಂದು ನನಗೆ ಗೊತ್ತಾಯಿತು. ಪರಿವಿಡಿಯಿಂದ ಒಂದು ಸಾಲು ಅಳಿಸಿ, ಪುಟಸಂಖ್ಯೆ ಸರಿಮಾಡಿ, ಪ್ರಿಂಟ್ ಒತ್ತಿದ ಕೈಗೆ ಅದು ಗೊತ್ತಾಗುತ್ತದೆ.

ಅವರು ಅಷ್ಟಕ್ಕೇ ಕೆಲಸ ಬಿಡಲಿಲ್ಲ. ವಚನಗಳ ಸಮಗ್ರ ಸಂಪುಟಗಳ ಕೆಲಸ ಮಾಡಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ನಿಮ್ಮದೇ ಕುರ್ಚಿಯಲ್ಲಿ ಕೂತಿದ್ದರು. 'ಮಾರ್ಗ'ದ ನಾಲ್ಕನೇ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಎಪ್ಪತ್ತಾರು ವರ್ಷದ ಮನುಷ್ಯ. ಬಾಗಿಲು ತಟ್ಟಿದವರಿಗೆ ಬಾಗಿಲು ತೆರೆದ ಮನೆ ಅದು. ಹಳಗನ್ನಡದಲ್ಲಿ ಸಂಶಯ ಬಂದರೆ ಯಾವ ವಿದ್ಯಾರ್ಥಿಯೂ ಬಾಗಿಲು ತಟ್ಟಬಹುದಿತ್ತು.

ಆಮೇಲೆ ಎಷ್ಟೋ ಸಭೆ ಆದವು. ಎಲ್ಲರೂ ಅವರ ಧೈರ್ಯ ಹೊಗಳಿದರು. ಅದೇ ಜನ ಸಭೆ ಮುಗಿಸಿ ಬಂದು ತಮ್ಮ ವಿದ್ಯಾರ್ಥಿಗಳಿಗೆ ಹೇಳಿದ್ದು, "ಹುಷಾರಾಗಿರಿ." ನನಗೂ ಹೇಳಿದರು. ಪ್ರೀತಿಯಿಂದಲೇ ಹೇಳಿದರು. ಆದರೆ ಹುಷಾರಾಗಿರು ಎಂದರೆ ಏನು? ಯಾವ ಕಲ್ಲಿನ ಹತ್ತಿರ ಹೋಗಬಾರದು ಎಂದು ಮೊದಲೇ ಊಹಿಸಿಕೋ ಎಂದು ಅರ್ಥ. ಹಾಗಾಗಿ ಇವತ್ತು ಯಾರೂ ಅಧ್ಯಾಯ ತೆಗೆಯಬೇಕಾದ ಪ್ರಸಂಗವೇ ಕಡಿಮೆ ಆಗಿದೆ. ಬರೆಯುವ ಮೊದಲೇ ಬಿಟ್ಟಿರುತ್ತಾರೆ. ಸಿನಾಪ್ಸಿಸ್‌ನಲ್ಲೇ ಆ ವಿಷಯ ಇರುವುದಿಲ್ಲ. ನಿಮ್ಮ ಕಡತಗಳಲ್ಲಿ ಇದರ ಗುರುತೂ ಸಿಗುವುದಿಲ್ಲ. ನನಗೆ ಬಹಳ ಸಂಕಟ ಆಗುವುದು ಇದಕ್ಕೆ.

ಹೊಟ್ಟೆಪಾಡಿನ ಮಾತು ಬೇರೆ ಇದೆ, ಅದನ್ನು ಉದ್ದ ಮಾಡುವುದಿಲ್ಲ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕವರಿಗೆ ತಿಂಗಳಿಗೆ 37,000 ರೂಪಾಯಿ ಇದೆ. ಸಿಗದ ಹುಡುಗ ಹುಡುಗಿಯರು ಟ್ಯೂಷನ್ ಹೇಳಿ, ಡಿಟಿಪಿ ಮಾಡಿ, ಅತಿಥಿ ಉಪನ್ಯಾಸಕರಾಗಿ ದುಡಿದು ಸಂಶೋಧನೆ ಮಾಡುತ್ತಾರೆ. ಊರೂರು ತಿರುಗುವ ಖರ್ಚು ಯಾರ ಲೆಕ್ಕದಲ್ಲೂ ಇಲ್ಲ. ಎಂ. ಚಿದಾನಂದಮೂರ್ತಿಯವರು ಪಿಎಚ್.ಡಿ.ಗಾಗಿ 450ರಿಂದ 1150ರವರೆಗಿನ ಕನ್ನಡ ಶಾಸನಗಳನ್ನು ಓದಿ ಬರೆದ ಪುಸ್ತಕ 1966ರಲ್ಲಿ ಬಂತು. ಇವತ್ತಿಗೂ ನಾವು ಅದನ್ನು ತೆರೆಯದೆ ಒಂದು ಹೆಜ್ಜೆ ಇಡುವುದಿಲ್ಲ. ಏಳುನೂರು ವರ್ಷಗಳ ಕಲ್ಲು ಓದಲು ಎಷ್ಟು ಸಮಯ ಬೇಕು ಎಂದು ಯೋಚಿಸಿ. ಈಗ ಬಡ್ತಿಗೆ ಅಂಕ, ಅಂಕಕ್ಕೆ ಲೇಖನ, ಲೇಖನಕ್ಕೆ ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳು. ಒಂದು 'ನ'ಕಾರಕ್ಕೆ ಮೂರು ತಿಂಗಳು ಕೊಟ್ಟವಳಿಗೆ ಆ ಲೆಕ್ಕದಲ್ಲಿ ಸೊನ್ನೆ.

ಆದರೂ ಹೇಳುತ್ತೇನೆ, ದುಡ್ಡಿನ ಕಷ್ಟ ನನ್ನನ್ನು ಮುರಿಯಲಿಲ್ಲ. ಬಸ್ ತಪ್ಪಿ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಕಳೆದದ್ದು ಮುರಿಯಲಿಲ್ಲ. ರಾತ್ರಿ ಬರುತ್ತಿದ್ದ ಫೋನುಗಳನ್ನೂ ನಾನು ಹೇಗೋ ತಡೆದುಕೊಂಡೆ. ಉತ್ತರ ಬಾರದ ಆ ಒಂಬತ್ತು ಪುಟದ ವಿವರಣೆ ನನ್ನನ್ನು ಮುರಿಯಿತು.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಹೋದ ತಿಂಗಳು ಒಬ್ಬ ಹುಡುಗ ಫೋನ್ ಮಾಡಿದ್ದ. ಬೇರೆ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ. ನನ್ನ ಪ್ರಬಂಧವನ್ನು ಶೋಧಗಂಗಾದಲ್ಲಿ, ಅಂದರೆ ಪಿಎಚ್.ಡಿ. ಪ್ರಬಂಧಗಳನ್ನು ಇಡುವ ಜಾಲತಾಣದಲ್ಲಿ, ಓದಿದ್ದನಂತೆ. ಆ ಊರಿಗೂ ಹೋಗಿ ಬಂದಿದ್ದ. ಕಲ್ಲಿಗೆ ಈಗ ಎನಾಮಲ್ ಬಣ್ಣ ಬಳಿದಿದ್ದಾರೆ, ಕೆಳಗೆ ಟೈಲ್ಸ್ ಹಾಕಿ ಸಿಮೆಂಟಿನ ಕಟ್ಟೆ ಕಟ್ಟಿದ್ದಾರೆ ಎಂದ. ಮೂರನೇ ಸಾಲು ಕಟ್ಟೆಯೊಳಗೆ ಹೋಗಿದೆ. "ಮೇಡಂ, ನಿಮ್ಮ ಪಟ್ಟಿಯಲ್ಲಿ ಆ ಊರಿನ ಕಲ್ಲು ಇಲ್ಲ. ಆದರೆ ಅಲ್ಲಿ ಒಬ್ಬರು ಬಹಳ ವಯಸ್ಸಾದ ಅಜ್ಜಿ ಇದ್ದಾರೆ. ಹಿಂದೆ ಒಬ್ಬರು ಮಿಸ್ ಬಂದು ಓದಿ ಹೇಳಿದ್ರು, ಇವನು ದನ ಕಾಯೋನು ಅಂತ, ಅಂದ್ರು. ಅದು ನಿಜವಾ ಮೇಡಂ?"

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಆ ಹುಡುಗ.

ನಿಜ ಎಂದೆ. ಹಾಗಾದರೆ ಯಾಕೆ ಬರೆಯಲಿಲ್ಲ ಎಂದು ಕೇಳಿದ. ಬರೆದಿದ್ದೆ, ತೆಗೆದೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, ತನ್ನ ಮಾರ್ಗದರ್ಶಕರೂ ಆ ಕಲ್ಲು ಬಿಟ್ಟುಬಿಡು ಅಂದಿದ್ದಾರೆ ಎಂದು ಹೇಳಿದ. ನಾನು ಏನು ಹೇಳಬೇಕಿತ್ತು? ಧೈರ್ಯವಾಗಿ ಬರಿ ಎಂದು ಹೇಳಲು ಬಾಯಿ ಬರಲಿಲ್ಲ. ಬಿಟ್ಟುಬಿಡು ಎಂದೂ ಹೇಳಲಾಗಲಿಲ್ಲ. ಎರಡು ದಿನ ಕೊಡು ಎಂದು ಫೋನ್ ಇಟ್ಟೆ. ಆ ಎರಡು ದಿನದಲ್ಲಿ ಶುರುವಾದದ್ದು ಈ ಪತ್ರ.

ನಾನು ಕೇಳುವುದು ದೊಡ್ಡದೇನಲ್ಲ. ಒಬ್ಬ ವಿದ್ಯಾರ್ಥಿಯ ಬರಹದ ಮೇಲೆ ದೂರು ಬಂದರೆ, ವಿದ್ಯಾರ್ಥಿಗೆ ನೋಟಿಸ್ ಕಳಿಸುವ ಮೊದಲು ಆ ವಿಷಯ ಬಲ್ಲವರನ್ನು ಕರೆಸಿ. ಶಾಸನವಾದರೆ ಲಿಪಿ ಓದಬಲ್ಲವರು, ಹಸ್ತಪ್ರತಿಯಾದರೆ ಓಲೆಗರಿ ಬಿಚ್ಚಿ ನೋಡಿದವರು. ದೂರು ಕೊಟ್ಟವರನ್ನೂ ಕೂರಿಸಿಕೊಳ್ಳಿ, ಅವರೂ ನೋಡಲಿ. ಆಧಾರ ಮೇಜಿನ ಮೇಲೆ ಇರಲಿ. ವಿದ್ಯಾರ್ಥಿ ತಪ್ಪಿದ್ದರೆ ತಪ್ಪು ಎಂದು ಬರೆದು ಕೊಡಿ, ತಿದ್ದಿಕೊಳ್ಳುತ್ತಾರೆ. ತಪ್ಪು ಒಪ್ಪಿಕೊಳ್ಳುವುದಕ್ಕೂ ಎದೆ ಬೇಕು, ಅದನ್ನೂ ಅಲ್ಲೇ ಕಲಿಯುತ್ತಾರೆ. ಸರಿ ಇದ್ದರೆ, ವಿಶ್ವವಿದ್ಯಾಲಯದ ಮುದ್ರೆ ಇರುವ ಕಾಗದದಲ್ಲಿ ಎರಡು ಸಾಲು ಬರೆಯಿರಿ. 'ನಮ್ಮ ವಿದ್ಯಾರ್ಥಿಯ ಓದು ಸರಿಯಾಗಿದೆ. ನಿಮ್ಮಲ್ಲಿ ಬೇರೆ ಆಧಾರ ಇದ್ದರೆ ದಯವಿಟ್ಟು ತನ್ನಿ.' ಸಹಿ ನಿಮ್ಮದೇ ಇರಲಿ, ಮಾರ್ಗದರ್ಶಕರದ್ದಲ್ಲ. ರಾತ್ರಿ ಫೋನ್ ಮಾಡುವವರಿಗೆ ತೋರಿಸಲು ಇಪ್ಪತ್ತೇಳು ವರ್ಷದ ಹುಡುಗಿಯ ಕೈಯಲ್ಲಿ ಆ ಎರಡು ಸಾಲು ಇದ್ದಿದ್ದರೆ, ಅವಳು ಏಳನೇ ಅಧ್ಯಾಯ ತೆಗೆಯುತ್ತಿರಲಿಲ್ಲ. ಇದನ್ನು ನಾನು ಎದೆ ಮುಟ್ಟಿಕೊಂಡು ಹೇಳಬಲ್ಲೆ.

ಇದರಿಂದ ಊರಿನಲ್ಲಿ ಗಲಾಟೆ ಆಗುತ್ತದೆ ಎನ್ನುತ್ತೀರೇನೋ. ಆಗಬಹುದು. ಆ ಮನೆತನದ ಹಿರಿಯರು ನನಗೆ ರೊಟ್ಟಿ ಊಟ ಹಾಕಿದವರು ಎಂದು ಹೇಳಿದೆನಲ್ಲ. ಅವರನ್ನು ಕೂರಿಸಿ, ನಿಮ್ಮ ಹಿರಿಯನ ದನ ಉಳಿಸಲು ಸತ್ತವನು ಇವನು, ಅವನಿಗೆ ಕಲ್ಲು ನಿಲ್ಲಿಸುವಷ್ಟು ದೊಡ್ಡ ಮನಸ್ಸು ಅಂದಿನವರಿಗೆ ಇತ್ತು ಎಂದು ಯಾರಾದರೂ ಹೇಳಿದ್ದರೆ ಅವರು ಕೇಳುತ್ತಿದ್ದರೋ ಏನೋ. ನನಗೆ ಆ ಅವಕಾಶ ಸಿಗಲಿಲ್ಲ. ಅವರಿಗೂ ಸಿಗಲಿಲ್ಲ. ಇನ್ನು ಆ ಅಜ್ಜಿ. ಮನೆತನಕ್ಕೆ ಅವಮಾನ ಎಂದು ಎಲ್ಲರೂ ಲೆಕ್ಕ ಹಾಕಿದರು. ಅವಳ ಓಣಿಗೆ ಬಂದು ವಾಪಸ್ ಹೋದದ್ದು ಏನು ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಎರಡೂ ಪಡಿಯಚ್ಚು ನನ್ನ ಹತ್ತಿರ ಇವೆ. ಪಿವಿಸಿ ಪೈಪಿನೊಳಗೆ ಸುತ್ತಿ, ಎರಡೂ ಬಾಯಿಗೆ ಬಟ್ಟೆ ಕಟ್ಟಿ, ಬೀರುವಿನ ಮೇಲೆ ಇಟ್ಟಿದ್ದೆ. ಮೊನ್ನೆ ಇಳಿಸಿ ನೋಡಿದೆ. ಒಂದರ ಅಂಚು ಸ್ವಲ್ಪ ಹಳದಿಯಾಗಿದೆ, ಮಸಿ ಹಾಗೇ ಇದೆ. 'ನ' ಚೆನ್ನಾಗಿ ಕಾಣುತ್ತದೆ. ಕಲ್ಲು ಕಟ್ಟೆಯೊಳಗೆ ಹೋದ ಮೇಲೆ ಆ ಸಾಲಿಗೆ ನನಗೆ ಗೊತ್ತಿರುವ ಆಧಾರ ಇವೆರಡೇ. ಬೀರುವಿನ ಮೇಲೆ ಇಡುವ ವಸ್ತು ಅಲ್ಲ ಅದು.

ನಿಮ್ಮಲ್ಲಿ ಯಾರಾದರೂ ಒಬ್ಬರು ಕರೆದರೆ ಸಾಕು. ಆ ಹುಡುಗನನ್ನೂ ಕರೆದುಕೊಂಡು ಬರುತ್ತೇನೆ. ಹಳಗನ್ನಡ ಲಿಪಿ ಓದುವ ಮೂರು ಜನ ಇರಲಿ. ದೂರು ಕೊಟ್ಟ ಮನೆಯವರಿಗೂ ಹೇಳಿ ಕಳಿಸಿ. ಉದ್ದ ಮೇಜು ಬೇಕು, ಕಿಟಕಿಯ ಪಕ್ಕ ಆದರೆ ಒಳ್ಳೆಯದು, ಬೆಳಕು ಪಕ್ಕದಿಂದ ಬೀಳಬೇಕು. ನಾನು ಓದಿದ್ದು ತಪ್ಪು ಎಂದಾದರೆ ಅಲ್ಲೇ ಎಲ್ಲರ ಮುಂದೆ ಒಪ್ಪಿಕೊಂಡು, ಬರೆದು ಕೊಟ್ಟು ಬರುತ್ತೇನೆ. ಶಾಲೆಗೆ ಭಾನುವಾರ ರಜೆ. ಬೇರೆ ದಿನವಾದರೆ ಒಂದು ವಾರ ಮುಂಚೆ ತಿಳಿಸಿ, ಸಿಎಲ್ ಹಾಕಿ ಬರುತ್ತೇನೆ.

ಇಂತಿ,
ಒಬ್ಬ ಕನ್ನಡ ಶಿಕ್ಷಕಿ